ಕ್ರಿಸ್ಮಸ್ ಹಾಡು, ಹಳೇ ರಾಕು, ಒಂದಿಷ್ಟು ಜಗಳ: ಗೆಳೆಯರ ಸಂಜೆಗೆ ಪಟ್ಟಿ ಕಟ್ಟುವ ಬಗೆ

ಡಿಸೆಂಬರ್ ಬಂತೆಂದರೆ ಲಂಡನ್ನಿನ, ನ್ಯೂಯಾರ್ಕಿನ ಅಂಗಡಿಗಳಲ್ಲಿ ಅದೇ ಹಾಡುಗಳು ಗಾಣದ ಎತ್ತಿನ ಹಾಗೆ ಸುತ್ತುತ್ತವೆ. ಗಣೇಶನ ಪೆಂಡಾಲಿನ ಎದುರು ಮನೆ ಮಾಡಿಕೊಂಡವರಿಗೆ ಈ ಕಾಯಿಲೆಯನ್ನು ವಿವರಿಸಬೇಕಿಲ್ಲ. ಹಾಡು ಕೆಟ್ಟದ್ದೆಂದು ಅಲ್ಲ, ಡೋಸು ಹೆಚ್ಚಾಯಿತೆಂದು ಜನ ಅದನ್ನು ದ್ವೇಷಿಸುತ್ತಾರೆ. ಕ್ಲಾಸಿಕ್ ರಾಕ್ ಪ್ರಿಯರು ಸೇರುವ ಸಂಜೆಗೆ ಕ್ರಿಸ್ಮಸ್ ಪಟ್ಟಿ ಕಟ್ಟುವಾಗ ಮೊದಲು ಸರಿಮಾಡಬೇಕಾದದ್ದೂ ಅದೇ: ಹಬ್ಬದ ಹಾಡು ಮೂರರಲ್ಲಿ ಒಂದು, ಉಳಿದೆರಡು ಮಾಮೂಲಿ ರಾಕ್. ಅನ್ನಕ್ಕೆ ಉಪ್ಪಿನಕಾಯಿಯೇ ಹೊರತು ಉಪ್ಪಿನಕಾಯಿಗೆ ಅನ್ನ ಅಲ್ಲ.

ಬೆಂಗಳೂರಿನ ಫ್ಲ್ಯಾಟಿರಲಿ, ನ್ಯೂಜೆರ್ಸಿಯ ಬೇಸ್‌ಮೆಂಟಿರಲಿ, ಲೆಕ್ಕ ಒಂದೇ. ಆರು ಜನ, ಸಂಜೆ 7ರಿಂದ 10. ಮೊದಲ 30 ನಿಮಿಷ ಬರುವವರಿಗಾಗಿ. ಆಗ ಜಗಳ ಬೇಡ, ಸಣ್ಣ ಸದ್ದಿನ ಸಂಗೀತ ಸಾಕು. ಆಮೇಲೆ 40 ನಿಮಿಷದ ಮೂರು ಸುತ್ತು, ನಡುವೆ ಹತ್ತು ಹತ್ತು ನಿಮಿಷ ಬಿಡುವು. ಒಂದು ಹಾಡಿಗೆ ಸರಾಸರಿ ಮೂರೂವರೆ ನಿಮಿಷ ಹಿಡಿದರೆ ಒಂಬತ್ತು ಹಾಡಿಗೆ ಸುಮಾರು 32 ನಿಮಿಷ. ಸುತ್ತಿನಲ್ಲಿ ಉಳಿಯುವ ಎಂಟು ನಿಮಿಷ ಮಾತಿಗೆ, ನಗುವಿಗೆ, "ಲೇ, ಇದನ್ನ ಯಾರೋ ಹಾಕಿದ್ದು" ಅನ್ನುವುದಕ್ಕೆ. ಒಟ್ಟು 27 ಹಾಡು, ಅದರಲ್ಲಿ ಹಬ್ಬದ್ದು ಒಂಬತ್ತು. 50 ಹಾಡಿನ ಪಟ್ಟಿ ತಂದವರು ಮಾತಿನ ಲೆಕ್ಕ ಮರೆತಿರುತ್ತಾರೆ. ಎಂಟೂವರೆಯ ಹೊತ್ತಿಗೆ ಯಾರೂ ಏನನ್ನೂ ಕೇಳುತ್ತಿರುವುದಿಲ್ಲ, ಎಲ್ಲರೂ ಸ್ಪೀಕರಿನ ಮೇಲೆ ಕಿರುಚುತ್ತಿರುತ್ತಾರೆ.

ಪ್ರತಿಯೊಬ್ಬರೂ ಎರಡು ಹಬ್ಬದ ಹಾಡು, ಮೂರು ಮಾಮೂಲಿ ಹಾಡು, ಮೇಲೊಂದು ಎಕ್ಸ್‌ಟ್ರಾ ಹೆಸರನ್ನು ಎರಡು ದಿನ ಮೊದಲೇ ಒಬ್ಬರಿಗೆ ಕಳಿಸಲಿ. ಆ ಒಬ್ಬರೇ ಪಟ್ಟಿಯ ಯಜಮಾನರು. ಎಲ್ಲರೂ ಸೇರಿಸಬಹುದಾದ ಹಂಚಿಕೆಯ ಪ್ಲೇಲಿಸ್ಟ್ ಮಾಡಿದರೆ ಒಬ್ಬ ಮಹಾನುಭಾವ ರಾತ್ರೋರಾತ್ರಿ ಹದಿನಾಲ್ಕು ಹಾಡು ತುರುಕಿರುತ್ತಾನೆ. ಹೀಗೆ 12 ಹಬ್ಬದ ಹಾಡು, 18 ಮಾಮೂಲಿ ಹಾಡು ಬರುತ್ತವೆ. ಮೂರು ಹಬ್ಬದ ಹಾಡು ಹೊರಗೆ ಹೋಗಬೇಕು.

ಹೊರಗೆ ಹಾಕುವುದಕ್ಕೆ ವೀಟೋ. ತಲೆಗೆ ಒಂದೇ, ತನ್ನ ಹಾಡಿನ ಮೇಲೆ ಬಳಸುವಂತಿಲ್ಲ, ಮತ್ತು 30 ಸೆಕೆಂಡಿನಲ್ಲಿ ಕಾರಣ ಹೇಳಬೇಕು. "ಬೋರು" ಅನ್ನುವುದು ಕಾರಣವಲ್ಲ. "ಎರಡನೇ ಚರಣ ಆದಮೇಲೆ ಹಾಡಲ್ಲಿ ಹೊಸದೇನೂ ಆಗಲ್ಲ, ಪಲ್ಲವಿಯನ್ನೇ ನಾಲ್ಕು ಸಲ ಎಳೀತಾರೆ" ಅನ್ನುವುದು ಕಾರಣ. ಇಬ್ಬರು ವಿರೋಧಿಸಿದರೆ ವೀಟೋ ಬಿದ್ದುಹೋಗುತ್ತದೆ. ವೀಟೋಗಳು ಮೂರನ್ನು ದಾಟಿದರೆ ಖಾಲಿ ಬಿದ್ದ ಜಾಗಕ್ಕೆ ಆ ಹಾಡು ತಂದವರ ಎಕ್ಸ್‌ಟ್ರಾ ಬರುತ್ತದೆ. ಮೂರಕ್ಕಿಂತ ಕಡಿಮೆಯಾದರೆ ಉಳಿದದ್ದನ್ನು ಕೈ ಎತ್ತಿಸಿ ತೀರ್ಮಾನಿಸಿ. ವೀಟೋ ಕಾರ್ಯಕ್ರಮ ಮುಗಿಯಬೇಕಾದದ್ದು ಊಟದ ಮೊದಲು. ಹೊಟ್ಟೆ ತುಂಬಿದ ಮೇಲೆ ಎಲ್ಲರೂ ಉದಾರಿಗಳಾಗಿ ಎಲ್ಲ ಹಾಡನ್ನೂ ಬಿಟ್ಟುಬಿಡುತ್ತಾರೆ.

ಯಾವುದು ರಾಕ್, ಯಾವುದು ಹಬ್ಬದ್ದು

ಈ ಜಗಳ ಬಂದೇ ಬರುತ್ತದೆ, ಹಾಗಾಗಿ ಗಡಿಯನ್ನು ಮೊದಲೇ ಬರೆದಿಡಿ. ಮಾಮೂಲಿ ಹಾಡಿಗೆ 1964ರಿಂದ 1991 ಒಳ್ಳೆಯ ಬೇಲಿ. ಹಬ್ಬದ ಹಾಡಿಗೆ ಬೇಲಿಯಲ್ಲಿ ಎರಡು ಕಿಂಡಿ ಬೇಕು. ಒಂದು ಹಿಂದಕ್ಕೆ: ಚಕ್ ಬೆರ್ರಿಯ 'ರನ್ ರುಡಾಲ್ಫ್ ರನ್' 1958ರದ್ದು. ಅದನ್ನು ಬಿಟ್ಟರೆ ಮರದ ಬೇರನ್ನೇ ಕಡಿದ ಹಾಗೆ. ಮೂರು ನಿಮಿಷಕ್ಕೂ ಕಡಿಮೆ, ಅದೇ ವರ್ಷದ 'ಜಾನಿ ಬಿ. ಗುಡ್'ನ ಸ್ವಂತ ತಮ್ಮ ಅನ್ನಿಸುವ ಗಿಟಾರು. ಇನ್ನೊಂದು ಕಿಂಡಿ ಮುಂದಕ್ಕೆ, ಹಳೇ ತಲೆಗಳು ಆಮೇಲೆ ಮಾಡಿದ ಕೆಲಸಕ್ಕೆ: 1992ರಲ್ಲಿ ಟಾಮ್ ಪೆಟ್ಟಿ, 2003ರಲ್ಲಿ ಜೆಥ್ರೋ ಟಲ್‌ನ ಪೂರ್ತಿ ಕ್ರಿಸ್ಮಸ್ ಆಲ್ಬಮ್, 2009ರಲ್ಲಿ ಬಾಬ್ ಡಿಲನ್.

ಹಬ್ಬದ ಹಾಡುಗಳನ್ನು ಮೂರು ಗುಂಪು ಮಾಡಿಕೊಂಡರೆ ಸುತ್ತುಗಳನ್ನು ಜೋಡಿಸುವುದು ಸುಲಭ.

ಮೊದಲನೆಯದು, ರಾಕ್ ತಂಡಗಳು ತಾವೇ ಹೊಸದಾಗಿ ಬರೆದದ್ದು. ಇದರ ರಾಜಧಾನಿ ಬ್ರಿಟನ್, ವರ್ಷ 1973. ಅಲ್ಲಿ ಕ್ರಿಸ್ಮಸ್ ವಾರದ ನಂಬರ್ ಒನ್ ಯಾವ ಹಾಡು ಅನ್ನುವುದು ನಮ್ಮಲ್ಲಿ ಯಾವ ಸ್ಟಾರ್ ಸಿನಿಮಾ ದಸರೆಗೆ ಗೆದ್ದಿತು ಅನ್ನುವಷ್ಟೇ ಗಂಭೀರ ವಿಷಯ. ಆ ವರ್ಷ ಗೆದ್ದದ್ದು ಸ್ಲೇಡ್ ತಂಡದ 'ಮೆರ್ರಿ ಎಕ್ಸ್‌ಮಸ್ ಎವ್ರಿಬಡಿ', ಸೋತು ನಾಲ್ಕಕ್ಕೆ ನಿಂತದ್ದು ವಿಜರ್ಡ್ ತಂಡದ 'ಐ ವಿಶ್ ಇಟ್ ಕುಡ್ ಬಿ ಕ್ರಿಸ್ಮಸ್ ಎವ್ರಿಡೇ'. ಎರಡೂ ಧ್ವನಿಮುದ್ರಣಗೊಂಡದ್ದು ಬೇಸಿಗೆಯ ಬಿಸಿಲಲ್ಲಿ. ಸ್ಲೇಡ್‌ನವರದ್ದು ನ್ಯೂಯಾರ್ಕಿನಲ್ಲಿ, ವಿಜರ್ಡ್‌ನವರು ಹಬ್ಬದ ಮೂಡು ಬರಲೆಂದು ಸ್ಟುಡಿಯೋವನ್ನು ತಣ್ಣಗೆ ಮಾಡಿ ಅಲಂಕಾರ ಕಟ್ಟಿದರು. ವಿಜರ್ಡ್ ಹಾಡು ಶುರುವಾಗುವುದೇ ಅಂಗಡಿಯ ಗಲ್ಲಾಪೆಟ್ಟಿಗೆಯ ಸದ್ದಿನಿಂದ. ಹಬ್ಬದ ಹಾಡು ಯಾಕೆ ಮಾಡುತ್ತಾರೆ ಎಂದು ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡ ತಂಡ ಮತ್ತೊಂದಿಲ್ಲ. ಇವೆರಡನ್ನೂ ಒಂದೇ ಸುತ್ತಿನಲ್ಲಿ ಹಾಕಬೇಡಿ. ಎರಡರದ್ದೂ ಒಂದೇ ಬಗೆಯ ಗದ್ದಲ, ಎರಡನೆಯದು ಮೊದಲನೆಯದರ ನಕಲಿನಂತೆ ಕೇಳುತ್ತದೆ.

ಇದೇ ಗುಂಪಿನ ಕಹಿ ಶಾಖೆ ಇನ್ನೂ ಚೆನ್ನ. ಕಿಂಕ್ಸ್ ತಂಡದ 1977ರ 'ಫಾದರ್ ಕ್ರಿಸ್ಮಸ್'ನಲ್ಲಿ ಬಡ ಹುಡುಗರು ಸಾಂತಾನನ್ನೇ ಅಡ್ಡಗಟ್ಟಿ, ಗೊಂಬೆ ಬೇಡ ದುಡ್ಡು ಕೊಡು ಅನ್ನುತ್ತಾರೆ. ಗ್ರೆಗ್ ಲೇಕ್ 1975ರಲ್ಲಿ ಹಾಡಿದ 'ಐ ಬಿಲೀವ್ ಇನ್ ಫಾದರ್ ಕ್ರಿಸ್ಮಸ್' ಹೆಸರಿಗೆ ಭಕ್ತಿಗೀತೆ, ಒಳಗೆ ಹಬ್ಬದ ವ್ಯಾಪಾರದ ಬಗ್ಗೆ ಬೇಸರ. ನಡುವೆ ಕುಣಿಯುತ್ತಾ ಬರುವ ವಾದ್ಯಭಾಗ ರಷ್ಯದ ಸಂಗೀತ ಸಂಯೋಜಕ ಪ್ರೊಕೊಫಿಯೆವ್‌ನದ್ದು, ಜಾರುಬಂಡಿಯ ಓಟದ 'ಟ್ರೊಯ್ಕಾ'. ಆ ಹಾಡು ಬ್ರಿಟನ್ನಿನಲ್ಲಿ ಎರಡನೇ ಸ್ಥಾನದಲ್ಲೇ ಉಳಿಯಿತು. ಮೇಲೆ ಕೂತಿದ್ದದ್ದು ಕ್ವೀನ್ ತಂಡದ 'ಬೊಹೀಮಿಯನ್ ರಾಪ್ಸೊಡಿ'. ಪಟ್ಟಿಯಲ್ಲಿ ಇವೆರಡನ್ನು ಬೆನ್ನಿಗೆ ಬೆನ್ನು ಹಾಕಿ, 1975ರ ತೀರ್ಪು ಸರಿಯೇ ಎಂದು ಮತ ಕೇಳಿ. ಒಂದು ಸುತ್ತಿನ ಮಾತಿಗೆ ಬೇಕಾದ ಸಾಮಗ್ರಿ ಅಷ್ಟರಲ್ಲೇ ಸಿಗುತ್ತದೆ. ಆದರೆ ಕ್ವೀನ್ ಹಾಡು ಸುಮಾರು ಆರು ನಿಮಿಷ. ಆ ಸುತ್ತಿನಿಂದ ಬೇರೊಂದು ಹಾಡನ್ನು ತೆಗೆಯಬೇಕು.

ಎರಡನೆಯ ಗುಂಪು, ಕ್ರಿಸ್ಮಸ್ಸಿಗೆ ಹಾಡುತ್ತಾ ಬಂದ ಹಳೇ ಕ್ಯಾರಲ್‌ಗಳಿಗೆ ರಾಕ್ ಅಂಗಿ ತೊಡಿಸಿದ್ದು. ಇಲ್ಲಿ ಹತ್ತರಲ್ಲಿ ಏಳು ಸಪ್ಪೆ, ಯಾಕೆಂದರೆ ಡ್ರಮ್ ಸೇರಿಸಿದ ಮಾತ್ರಕ್ಕೆ ಏನೂ ಬದಲಾಗುವುದಿಲ್ಲ. ಆರಿಸುವಾಗ ಒಂದು ಪರೀಕ್ಷೆ ಮಾಡಿ: ಮಾತನ್ನು ತೆಗೆದು ಬರೀ ವಾದ್ಯ ಕೇಳಿದರೆ ಆ ತಂಡವನ್ನು ಗುರುತಿಸಬಹುದೇ? ಗುರುತಿಸಬಹುದಾದರೆ ಒಳಗೆ. ಟ್ವಿಸ್ಟೆಡ್ ಸಿಸ್ಟರ್ 2006ರಲ್ಲಿ 'ಓ ಕಮ್ ಆಲ್ ಯೀ ಫೇಯ್ತ್‌ಫುಲ್' ಹಾಡಿದ್ದು ತಮ್ಮದೇ 'ವಿ ಆರ್ ನಾಟ್ ಗೋನಾ ಟೇಕ್ ಇಟ್'ನ ಅಚ್ಚಿನಲ್ಲಿ. ತಮಾಷೆಯೆಂದರೆ ಆ ಗಲಾಟೆ ಹಾಡಿನ ಧಾಟಿ ಚರ್ಚಿನ ಆ ಸ್ತುತಿಯಿಂದಲೇ ಬಂದದ್ದೆಂದು ಬರೆದ ಡೀ ಸ್ನೈಡರ್ ಒಪ್ಪಿಕೊಂಡಿದ್ದಾರೆ. ಮೊದಲು ಗಲಾಟೆ ಹಾಡನ್ನು ಹಾಕಿ, ಏನೂ ಹೇಳದೆ ಸ್ತುತಿಯನ್ನು ಹಾಕಿ, ಯಾರು ಮೊದಲು ನಗುತ್ತಾರೆ ನೋಡಿ. ಬೀಚ್ ಬಾಯ್ಸ್‌ದ್ದೂ ಇದೇ ಕೈಚಳಕ, ತಮ್ಮ ಸ್ವಂತ ಹಾಡಿನ ಮೇಲೆ: 1963ರ 'ಲಿಟ್ಲ್ ಸೇಂಟ್ ನಿಕ್' ಅದೇ ವರ್ಷದ ಅವರ ಕಾರಿನ ಹಾಡು 'ಲಿಟ್ಲ್ ಡ್ಯೂಸ್ ಕೂಪ್'ನ ಮೈಕಟ್ಟಿನಲ್ಲೇ ನಿಂತಿದೆ. ಎಂಜಿನ್ ಅದೇ, ಮೇಲೆ ಹೊಸ ಪೇಂಟು.

ಅಮೆರಿಕದ ರಾಕ್ ಹಾಡುಗಾರ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1975ರ ಡಿಸೆಂಬರ್ 12ರಂದು ನ್ಯೂಯಾರ್ಕ್ ರಾಜ್ಯದ ಸಿ.ಡಬ್ಲ್ಯು. ಪೋಸ್ಟ್ ಕಾಲೇಜಿನಲ್ಲಿ ಹಾಡಿದ 'ಸಾಂತಾ ಕ್ಲಾಸ್ ಈಸ್ ಕಮಿಂಗ್ ಟು ಟೌನ್' ಈ ಗುಂಪಿನ ಮೇಲ್ಪಂಕ್ತಿ. ಹಾಡಿಗಿಂತ ಮೊದಲಿನ ಮಾತುಕತೆಯೇ ಅರ್ಧ ಸೊಗಸು. ಸ್ಟೇಜಿನ ಮೇಲೆ ಗೆಳೆಯರು ಒಬ್ಬರನ್ನೊಬ್ಬರು ಕಿಚಾಯಿಸುವುದು ಅದರಲ್ಲಿ ಹಾಗೇ ಉಳಿದಿದೆ. ಆ ಭಾಗವನ್ನು ಕತ್ತರಿಸಿದ ಪ್ರತಿ ಸಿಕ್ಕಿದರೆ ಬಿಡಿ.

ಮೂರನೆಯದು, ಹಬ್ಬಕ್ಕೂ ತನಗೂ ಸಂಬಂಧವೇ ಇಲ್ಲದ ಹಾಡು ಹಬ್ಬಕ್ಕೆ ಅಂಟಿಕೊಂಡದ್ದು. ಇದಕ್ಕೊಂದೇ ಉದಾಹರಣೆ ಸಾಕು. ಟಿವಿ ಸ್ಪರ್ಧೆಯ ವಿಜೇತರೇ ವರ್ಷವರ್ಷವೂ ಕ್ರಿಸ್ಮಸ್ ನಂಬರ್ ಒನ್ ಆಗುವುದಕ್ಕೆ ಬೇಸತ್ತ ಬ್ರಿಟನ್ನಿನ ಜನ 2009ರಲ್ಲಿ ಅಭಿಯಾನ ಮಾಡಿ ರೇಜ್ ಅಗೇನ್ಸ್ಟ್ ದ ಮಷೀನ್‌ನ 'ಕಿಲ್ಲಿಂಗ್ ಇನ್ ದ ನೇಮ್' ಹಾಡನ್ನು ಮೊದಲ ಸ್ಥಾನಕ್ಕೆ ಕೂರಿಸಿದರು. ಬೈಗುಳವೇ ಪಲ್ಲವಿಯಾದ ಹಾಡು ಕ್ರಿಸ್ಮಸ್ ಪೀಠವೇರಿತು. ನಮ್ಮ ಬೇಲಿಯ ಪ್ರಕಾರ 1992ರ ಈ ಹಾಡು ಹೊರಗೆ. ಮಾತಿಗೆ ಮಾತ್ರ ಒಳಗೆ. ಮಕ್ಕಳಿದ್ದರೆ ಹಾಕಲೇಬೇಡಿ.

ಮಕ್ಕಳ ಮಾತು ಬಂತಲ್ಲ: ಪೋಗ್ಸ್ ತಂಡ ಮತ್ತು ಕರ್ಸ್ಟಿ ಮ್ಯಾಕಾಲ್‌ರ 1987ರ 'ಫೇರಿಟೇಲ್ ಆಫ್ ನ್ಯೂಯಾರ್ಕ್' ಎಷ್ಟೇ ಒಳ್ಳೆಯದಾದರೂ ಗಂಡ-ಹೆಂಡತಿ ಜಗಳದ ಚರಣದಲ್ಲಿ ಮನ ನೋಯಿಸುವ ಬೈಗುಳವಿದೆ. 2020ರಲ್ಲಿ ಬಿಬಿಸಿ ರೇಡಿಯೊ 1 ಪದ ತಿದ್ದಿದ ಪ್ರತಿಯನ್ನೇ ಹಾಕಿತು. ಅಜ್ಜಿ-ತಾತ ಇರುವ ಹಾಲ್‌ನಲ್ಲಿ ಇಂಗ್ಲಿಷ್ ಅರ್ಥವಾಗದೆ ಎಲ್ಲರೂ ತಲೆದೂಗುತ್ತಾರೆ, ಹತ್ತನೇ ಕ್ಲಾಸಿನ ಮೊಮ್ಮಗ ಮಾತ್ರ ನೆಲ ನೋಡುತ್ತಿರುತ್ತಾನೆ.

1963ರಲ್ಲಿ ನಿರ್ಮಾಪಕ ಫಿಲ್ ಸ್ಪೆಕ್ಟರ್ ಮಾಡಿಸಿದ ಕ್ರಿಸ್ಮಸ್ ಆಲ್ಬಮ್ ಹಾಕುತ್ತಿದ್ದ ಹಾಗೆ ಇನ್ನೊಂದು ವಾದ ಏಳುತ್ತದೆ. ಅದು ಬಿಡುಗಡೆಯಾದದ್ದು ಆ ವರ್ಷದ ನವೆಂಬರ್ 22, ಕೆನಡಿ ಕೊಲೆಯಾದ ದಿನವೇ. ಆಮೇಲೆ 2009ರಲ್ಲಿ ಸ್ಪೆಕ್ಟರ್ ತಾನೇ ಕೊಲೆ ಪ್ರಕರಣದಲ್ಲಿ ಅಪರಾಧಿಯಾದ. ಮಾಡಿಸಿದವನ ಕಾರಣಕ್ಕೆ ಅದರಲ್ಲಿ ಹಾಡಿದ ಡಾರ್ಲೀನ್ ಲವ್‌ರ ದನಿಯನ್ನು ಬಿಡಬೇಕೇ? ಈ ವಾದಕ್ಕೆ ಐದು ನಿಮಿಷ ಕೊಡಿ, ಆಮೇಲೆ ಹಾಡಿದವರ ಹೆಸರು ಹೇಳಿ ಹಾಕಿ.

ಜೋಡಣೆ

ಹಬ್ಬದ ಹಾಡು ಸುತ್ತಿನ ಮೂರನೇ, ಆರನೇ, ಎಂಟನೇ ಜಾಗದಲ್ಲಿರಲಿ. ಮೂರು, ಆರು, ಒಂಬತ್ತು ಎಂದು ಇಟ್ಟರೆ ಜನ ಕಾಯತೊಡಗುತ್ತಾರೆ, ಕಾದು ಬಂದ ಜೋಕಿಗೆ ನಗು ಬರುವುದಿಲ್ಲ. ಪ್ರತಿ ಸುತ್ತಿಗೂ ಮೂರು ಬಗೆಯಿಂದ ಒಂದೊಂದು: ಒಂದು ಗದ್ದಲದ್ದು, ಒಂದು ನಿಧಾನದ್ದು, ಒಂದು ವಿಚಿತ್ರವಾದದ್ದು. ವಿಚಿತ್ರಕ್ಕೆ ಬರವಿಲ್ಲ. ಡ್ರಾಕುಲಾ ಪಾತ್ರದ ನಟ ಕ್ರಿಸ್ಟೋಫರ್ ಲೀ 2012ರಲ್ಲಿ, ತಮ್ಮ ತೊಂಬತ್ತನೇ ವಯಸ್ಸಿನಲ್ಲಿ, ಹೆವಿ ಮೆಟಲ್ ಕ್ರಿಸ್ಮಸ್ ಹಾಡುಗಳ ಕಿರು ಆಲ್ಬಮ್ ತಂದರು. "ನಮ್ಮಪ್ಪ ಅರವತ್ತಕ್ಕೇ ಮಂಡಿ ನೋವು ಅಂತಾರೆ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ.

ಹಾಡಿನ ವೇಗ ಅಳೆಯಲು ಆ್ಯಪ್ ಬೇಡ. ತೊಡೆ ತಟ್ಟುತ್ತಾ 15 ಸೆಕೆಂಡಿನ ಏಟು ಎಣಿಸಿ, ನಾಲ್ಕರಿಂದ ಗುಣಿಸಿ. ಪಕ್ಕಪಕ್ಕದ ಹಾಡುಗಳ ನಡುವೆ 20 ಏಟಿಗಿಂತ ಹೆಚ್ಚು ಅಂತರವಿದ್ದರೆ ಅಲ್ಲಿ ಮಾತಿಗೆ ಜಾಗ ಬಿಡಿ. ವೇಗಕ್ಕಿಂತಲೂ ನಡೆ ಮುಖ್ಯ. ಬೀಟಲ್ಸ್ ತಂಡದ ಜಾನ್ ಲೆನನ್ ಮತ್ತು ಹೆಂಡತಿ ಯೋಕೋ ಓನೋರ 1971ರ 'ಹ್ಯಾಪಿ ಎಕ್ಸ್‌ಮಸ್' ತಿಶ್ರ ನಡೆಯಲ್ಲಿ ತೂಗುತ್ತದೆ. ನಾಲ್ಕರ ನೇರ ಏಟಿನ ಗದ್ದಲದ ಹಾಡು ಮುಗಿದ ತಕ್ಷಣ ಅದು ಬಂದರೆ ಬಸ್ಸು ಬ್ರೇಕು ಹಾಕಿದ ಹಾಗಾಗುತ್ತದೆ, ಪಾಪ ಹಾಡಿನ ತಪ್ಪಿಲ್ಲದೆ ಅದಕ್ಕೆ ಕೆಟ್ಟ ಹೆಸರು. ಬಿಡುವು ಮುಗಿದ ಮೇಲೆ ಸುತ್ತಿನ ಮೊದಲ ಹಾಡಾಗಿ ಇಡಿ. ಇದೊಂದಕ್ಕೆ ಜಾಗದ ನಿಯಮದಿಂದ ವಿನಾಯಿತಿ ಕೊಡಿ.

ಕ್ರಾಸ್‌ಫೇಡ್, ಅಂದರೆ ಒಂದು ಹಾಡಿನ ಕೊನೆಯ ಮೇಲೆ ಮುಂದಿನದರ ಶುರುವನ್ನು ಬೆರೆಸುವುದು, ಸೊನ್ನೆ. ನೃತ್ಯದ ಪಾರ್ಟಿಗೆ ಅದು ಸರಿ, ಇಲ್ಲಿ ತಪ್ಪು. ಹಳೇ ರಾಕ್ ಹಾಡುಗಳಲ್ಲಿ ಎಷ್ಟೋ ಥಟ್ಟನೆ ನಿಲ್ಲುತ್ತವೆ. ಆರು ಸೆಕೆಂಡು ಕ್ರಾಸ್‌ಫೇಡ್ ಇಟ್ಟರೆ ಆ ಕೊನೇ ಹೊಡೆತದ ಮೇಲೆ ಮುಂದಿನ ಹಾಡಿನ ಗಂಟೆ ಬಂದು ಕೂರುತ್ತದೆ.

ಸದ್ದು: ಎಲ್ಲಿ ಎಡವುತ್ತಾರೆ

ಮೊದಲ ಎಡವು, ತಪ್ಪು ಪ್ರತಿ. ಐವತ್ತು-ಅರವತ್ತರ ದಶಕದ ಹಾಡುಗಾರರಲ್ಲಿ ಅನೇಕರು ತಮ್ಮದೇ ಜನಪ್ರಿಯ ಹಾಡನ್ನು ಇಪ್ಪತ್ತು ಮೂವತ್ತು ವರ್ಷ ಕಳೆದು ಬೇರೆ ಕಂಪನಿಗೆ ಮತ್ತೆ ಹಾಡಿಕೊಟ್ಟಿದ್ದಾರೆ. ಹುಡುಕಿದಾಗ ಹೆಸರು ಅದೇ, ಫೋಟೋ ಅದೇ, ಒಳಗೆ ಪ್ಲಾಸ್ಟಿಕ್ ಡ್ರಮ್ಮು. ಆಲ್ಬಮ್ಮಿನ ಹೆಸರು, ಹಕ್ಕಿನ ವರ್ಷ, ಅವಧಿ ಮೂರನ್ನೂ ನೋಡಿ. ಅವಧಿ ಮೂಲಕ್ಕಿಂತ ಹತ್ತು ಸೆಕೆಂಡಾದರೂ ಬೇರೆಯಾಗಿದ್ದರೆ ಮೊದಲ ಅರ್ಧ ನಿಮಿಷ ಕೇಳಿಯೇ ಪಟ್ಟಿಗೆ ಸೇರಿಸಿ.

ಎರಡನೆಯದು ಜೋರು-ಮೆಲ್ಲಗೆಯ ಏರುಪೇರು. 1963ರ ರೆಕಾರ್ಡು ಮತ್ತು 2006ರ ಮೆಟಲ್ ರೆಕಾರ್ಡು ಒಂದೇ ಗುಂಡಿಯ ಮಟ್ಟದಲ್ಲಿ ಒಂದೇ ಸದ್ದು ಕೊಡುವುದಿಲ್ಲ. ಹೊಸದನ್ನು ಹಿಂಡಿ ಹಿಂಡಿ ಜೋರು ಮಾಡಿರುತ್ತಾರೆ. ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ಹಾಡುಗಳ ಸದ್ದನ್ನು ಸಮ ಮಾಡುವ ವಾಲ್ಯೂಮ್ ನಾರ್ಮಲೈಸೇಶನ್ ಚಾಲೂ ಇರಲಿ. ಸ್ಪಾಟಿಫೈನಲ್ಲಿ ಅದರ ಸಾಮಾನ್ಯ ಮಟ್ಟ -14 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರು ಅನ್ನುವುದರ ಅಳತೆ). ಅದಕ್ಕಿಂತ ಜೋರಾದದ್ದನ್ನು ಇಳಿಸುತ್ತದೆ. 'ಲೌಡ್' ಎಂಬ ಆಯ್ಕೆಯನ್ನು ಮುಟ್ಟಬೇಡಿ, ಅದು ಹಳೇ ರೆಕಾರ್ಡಿನ ಏರಿಳಿತವನ್ನು ಚಪ್ಪಟೆ ಮಾಡುತ್ತದೆ.

ಮೂರನೆಯದು ಅಪಾರ್ಟ್‌ಮೆಂಟಿನ ಕಮ್ಯುನಿಟಿ ಹಾಲ್‌ನಲ್ಲಿ ಆಗುವಂಥದ್ದು, ಮತ್ತು ಕಂಡುಹಿಡಿಯಲು ಜನ ಅರ್ಧ ಗಂಟೆ ಒದ್ದಾಡುತ್ತಾರೆ. ಫೋನಿನ ಹೆಡ್‌ಫೋನ್ ತೂತಿನಿಂದ ಒಂದು ವೈರು, ಇನ್ನೊಂದು ತುದಿಯಲ್ಲಿ ಎರಡು ಗೆರೆಯ ದಪ್ಪ ಪಿನ್ನು, ಅದನ್ನು ಸೌಂಡ್ ಮಿಕ್ಸರಿನ ಒಂದೇ ಚಾನೆಲ್ಲಿಗೆ ಚುಚ್ಚುತ್ತಾರೆ. ಗಿಟಾರು ತೆಳ್ಳಗೆ ಕೇಳುತ್ತದೆ, ಹಾಡುಗಾರ ನಾಪತ್ತೆ. ಕಾರಣ ಇಷ್ಟೇ: ಮಿಕ್ಸರಿನ ಆ ತೂತು, ಅಂದರೆ ಬ್ಯಾಲೆನ್ಸ್‌ಡ್ ಇನ್‌ಪುಟ್, ಎರಡು ತಂತಿಗಳ ವ್ಯತ್ಯಾಸವನ್ನು ಮಾತ್ರ ತೆಗೆದುಕೊಳ್ಳುತ್ತದೆ. ದನಿಯನ್ನು ಎಡಕ್ಕೂ ಬಲಕ್ಕೂ ಸಮನಾಗಿ ಹಂಚಿರುವುದರಿಂದ ಕಳೆದಾಗ ಉಳಿಯುವುದು ಸೊನ್ನೆ. ಸ್ಪೆಕ್ಟರ್ ಆಲ್ಬಮ್ಮಿನಂಥ ಮೋನೋ ರೆಕಾರ್ಡಾದರೆ ಎರಡೂ ತಂತಿಯಲ್ಲಿ ಬರುವುದು ಒಂದೇ, ಹಾಗಾಗಿ ಹೆಚ್ಚುಕಡಿಮೆ ಪೂರ್ತಿ ಹಾಡೇ ಮಾಯ. ಔಷಧಿ: ಒಂದು ಕಡೆ ಸಣ್ಣ ಸ್ಟೀರಿಯೋ ಪಿನ್ನು, ಇನ್ನೊಂದು ಕಡೆ ಒಂದೊಂದೇ ಗೆರೆಯ ಎರಡು ಪಿನ್ನಿರುವ ವೈ ವೈರು. ಎರಡನ್ನೂ ಎರಡು ಚಾನೆಲ್ಲಿಗೆ ಹಾಕಿ, ಪ್ಯಾನ್ ಗುಂಡಿಯನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ತಿರುಗಿಸಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇಂಥ ವೈರು ಕೇಳಿದರೆ ಸಾಕು, ವಿವರಿಸಬೇಕಿಲ್ಲ.

ಉಳಿದದ್ದು ಬೇಗ ಹೇಳಿ ಮುಗಿಸಬಹುದು. ಹಾಡುಗಳನ್ನೆಲ್ಲ ಮೊದಲೇ ಡೌನ್‌ಲೋಡ್ ಮಾಡಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಆಮೇಲೆ ಬ್ಲೂಟೂತ್ ಒಂದನ್ನೇ ಚಾಲೂ ಮಾಡಿ; ಇಲ್ಲದಿದ್ದರೆ ಲೆನನ್ ನಡುವೆ ಕ್ರೆಡಿಟ್ ಕಾರ್ಡ್ ಮಾರುವವರ ಕರೆ. ಸ್ಪೀಕರನ್ನು ಮೂಲೆಯಲ್ಲಿಟ್ಟರೆ ಬೇಸ್ ಊದಿಕೊಂಡು ಮಾತು ಮಂಕಾಗುತ್ತದೆ. ಗೋಡೆಯಿಂದ ಅರ್ಧ ಮೀಟರ್ ಮುಂದೆ ತನ್ನಿ. ಭಾರತದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದ ಮಿತಿ 45 ಡೆಸಿಬೆಲ್, ಹಗಲು 55. ಬಾಲ್ಕನಿಯ ಬಾಗಿಲು ಹಾಕಿ.

ನಗಿಸುವುದು

ಜೋಕಿಗೆ ಜಾಗ ಹಾಡಿನ ನಡುವೆ ಅಲ್ಲ, ಶುರುವಿನ ವಾದ್ಯಭಾಗದ ಮೇಲೆ. ಎಂಟು ಹತ್ತು ಸೆಕೆಂಡು ಸಿಗುತ್ತದೆ; ಎರಡು ವಾಕ್ಯ, ಅಷ್ಟರಲ್ಲಿ ಹಾಡುಗಾರ ಬಾಯಿ ತೆಗೆಯಬೇಕು. ಮೂರನೇ ವಾಕ್ಯ ಬೇಕಾದ ಜೋಕನ್ನು ಬಿಡುವಿಗೆ ಇಟ್ಟುಕೊಳ್ಳಿ. ರೆಕಾರ್ಡಿನ ಬಗ್ಗೆ ನಿಜವಾದ ಒಂದು ಸಂಗತಿಯನ್ನು ಹಿಡಿದು ಕಟ್ಟಿದ ಜೋಕು ಮಾತ್ರ ಈ ಗುಂಪಿನಲ್ಲಿ ಓಡುತ್ತದೆ. ಕೆಲವು ಮಾದರಿಗಳು:

ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1979ರ 'ವಂಡರ್‌ಫುಲ್ ಕ್ರಿಸ್ಮಸ್‌ಟೈಮ್'ನಲ್ಲಿ ಎಲ್ಲ ವಾದ್ಯವನ್ನೂ ತಾನೇ ನುಡಿಸಿದ. "ಒಳ್ಳೇದೇ ಆಯ್ತು ಮಗಾ, ತಪ್ಪು ಹೊರಿಸೋಕೆ ಬೇರೆಯವರು ಸಿಗಲ್ಲ."

ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ 1978ರಲ್ಲಿ 'ರನ್ ರುಡಾಲ್ಫ್ ರನ್' ಹಾಡಿದ. "ಸಾಂತಾಗೆ ವಯಸ್ಸೆಷ್ಟು ಅಂತ ಅವನನ್ನೇ ಕೇಳಿ, ಸ್ಕೂಲಲ್ಲಿ ಒಂದೇ ಬೆಂಚು."

ಹಳೇ ಬ್ಯಾಂಡುಗಳ ವಿದಾಯದ ಪ್ರವಾಸಗಳ ಬಗ್ಗೆ: "ಕ್ರಿಸ್ಮಸ್ ವರ್ಷಕ್ಕೊಂದ್ಸಲ, ಇವರ ಕೊನೇ ಕಛೇರಿ ವರ್ಷಕ್ಕೆರಡು ಸಲ."

ಪ್ರೋಗ್ರೆಸಿವ್ ರಾಕಿನವರ ತಾಳದ ಗೀಳಿಗೆ: "ಇವರ ಕೈಗೆ ಜಿಂಗಲ್ ಬೆಲ್ಸ್ ಕೊಟ್ರೆ ಮಿಶ್ರಛಾಪು ಹಾಕ್ತಾರೆ. ಗಾಡಿ ಎಳೆಯೋ ಕುದುರೆಗೆ ಏಳು ಕಾಲು." ಈ ಜೋಕಿಗೆ ಬಾಲವೂ ಇದೆ: 1857ರಲ್ಲಿ ಅಚ್ಚಾದ ಆ ಹಾಡಿನಲ್ಲಿ ಕ್ರಿಸ್ಮಸ್ ಎಂಬ ಪದವೇ ಇಲ್ಲ. ಬೆಟ್ ಕಟ್ಟಲು ಹೇಳಿ ಮಾಡಿಸಿದ್ದು.

ಪ್ರತಿ ಗುಂಪಿನಲ್ಲೂ 2003ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ನೋಡಿದವರೋ, 2007ರಲ್ಲಿ ಅಲ್ಲೇ ಐರನ್ ಮೇಡನ್ ನೋಡಿದವರೋ ಒಬ್ಬರಿರುತ್ತಾರೆ. ಟಿಕೆಟ್ಟಿನ ತುಂಡು ತೋರಿಸಿದರೆ ಆ ಕಥೆಗೆ ಮೂರು ನಿಮಿಷ, ಇಲ್ಲದಿದ್ದರೆ ಒಂದು.

ತಂಡವನ್ನು ಕಿಚಾಯಿಸಿ, ಮಾರುಕಟ್ಟೆಯನ್ನು ಕಿಚಾಯಿಸಿ, ಒಬ್ಬರು ಇನ್ನೊಬ್ಬರ ರುಚಿಯನ್ನು ಕಿಚಾಯಿಸಿ. ಹಬ್ಬ ಯಾರ ಮನೆಯದೋ ಅವರ ನಂಬಿಕೆಯನ್ನು ಮಾತ್ರ ಮುಟ್ಟಬೇಡಿ. ಗುಂಪಿನಲ್ಲಿ ಕ್ರೈಸ್ತ ಗೆಳೆಯರಿದ್ದರೆ ಡಿಸೆಂಬರ್ 24ರ ರಾತ್ರಿ ಇಡಲೇಬೇಡಿ. ಅವರಿಗೆ ಪೂಜೆಗೆ ಹೋಗುವುದಿರುತ್ತದೆ. ಮಂಗಳೂರಿನವರಾದರೆ ಹಬ್ಬ ಕಳೆದ ಮೇಲೆ ಸೇರುವುದೇ ಲಾಭ, ಹಬ್ಬದ ತಿಂಡಿಗಳ ಕುಸ್ವಾರ್ ತಟ್ಟೆ ಜೊತೆಗೆ ಬರುತ್ತದೆ.

ಕುರುಡು ಪರೀಕ್ಷೆಯನ್ನು ಎರಡನೇ ಸುತ್ತಿಗೆ ಇಡಿ. ಒಂದೇ ಹಾಡಿನ ಎರಡು ಪ್ರತಿ, ಉದಾಹರಣೆಗೆ ಡಾರ್ಲೀನ್ ಲವ್ 1963ರಲ್ಲಿ ಹಾಡಿದ 'ಕ್ರಿಸ್ಮಸ್ (ಬೇಬಿ ಪ್ಲೀಸ್ ಕಮ್ ಹೋಮ್)' ಮತ್ತು ಯು2 ತಂಡದ 1987ರ ಪ್ರತಿ. ದನಿ ಗುರುತು ಸಿಗದಂತೆ ಹಾಡು ಶುರುವಾಗುವ ಮೊದಲಿನ ವಾದ್ಯಭಾಗವನ್ನಷ್ಟೇ ಕೇಳಿಸಿ, ಚೀಟಿಯಲ್ಲಿ ಮತ ಬರೆಸಿ. ಎರಡರ ಸದ್ದೂ ಸಮನಾಗಿರಲೇಬೇಕು. ಕಿವಿಗೆ ಸ್ವಲ್ಪ ಜೋರಾದದ್ದೇ ಚೆಂದ ಅನ್ನಿಸುತ್ತದೆ. ಸಮ ಮಾಡದಿದ್ದರೆ ಗೆಲ್ಲುವುದು ಹಾಡಲ್ಲ, ವಾಲ್ಯೂಮು. ಸೋಫಾದ ಮೇಲೆ ಫೋನಿಟ್ಟು ಡೆಸಿಬೆಲ್ ಆ್ಯಪಿನಲ್ಲಿ ನೋಡಿಕೊಂಡರೆ ಸಾಕು.

ತಿಂಗಳಿಡೀ ನಡೆಯುವ ಆಟ ಬೇಕಿದ್ದರೆ ಡೆನ್ಮಾರ್ಕಿನಲ್ಲಿ ಹುಟ್ಟಿದ ವ್ಯಾಮಗೆಡನ್ ಇದೆ. ಡಿಸೆಂಬರ್ 1ರಿಂದ 24 ಮುಗಿಯುವವರೆಗೆ ವ್ಯಾಮ್ ತಂಡದ 1984ರ 'ಲಾಸ್ಟ್ ಕ್ರಿಸ್ಮಸ್' ಕಿವಿಗೆ ಬೀಳಬಾರದು, ಬಿದ್ದರೆ ಔಟ್. ಮೂಲ ಪ್ರತಿಗೆ ಮಾತ್ರ ಲೆಕ್ಕ, ಬೇರೆಯವರು ಹಾಡಿದ್ದಕ್ಕೆ ಇಲ್ಲ. ಬೇಕೆಂದೇ ಇನ್ನೊಬ್ಬರಿಗೆ ಕೇಳಿಸುವುದು ಆಟದ ಮರ್ಯಾದೆಗೆ ವಿರುದ್ಧ. ಔಟಾದವರು ಹುಂಡಿಗೆ 50 ರೂಪಾಯಿ ಹಾಕಿದರೆ ಕೇಕಿನ ಖರ್ಚು ಹುಟ್ಟುತ್ತದೆ. ಮಾಲ್‌ಗೆ ಹೋಗುವ ಕೆಲಸದವರು ಮೊದಲ ವಾರವೇ ಔಟ್.

ದೂರದವರಿಗೆ ಒಂದು ರೆಕಾರ್ಡು

ಬೀಟಲ್ಸ್ 1963ರಿಂದ 1969ರವರೆಗೆ ವರ್ಷಕ್ಕೊಂದರಂತೆ ಏಳು ಕ್ರಿಸ್ಮಸ್ ರೆಕಾರ್ಡು ಮಾಡಿ ಅಭಿಮಾನಿ ಸಂಘದ ಸದಸ್ಯರಿಗೆ ಅಂಚೆಯಲ್ಲಿ ಕಳಿಸಿದರು. ಬಗ್ಗುವ ತೆಳು ಪ್ಲಾಸ್ಟಿಕ್ ತಟ್ಟೆ, ಒಳಗೆ ಧನ್ಯವಾದ, ರಾಗ ತಪ್ಪಿಸಿದ ಕ್ಯಾರಲ್, ಹರಟೆ. ಬರೆದುಕೊಟ್ಟದ್ದನ್ನು ಓದಲು ಕೂತು ಅಡ್ಡದಾರಿ ಹಿಡಿಯುವುದೇ ಅವುಗಳ ಸೊಗಸು. 1967ರದ್ದು ರೇಡಿಯೊದ ಅಣಕು. ಕೊನೆಯ ಎರಡನ್ನು ನಾಲ್ವರೂ ಬೇರೆ ಬೇರೆ ಕಡೆ ಮಾತಾಡಿ ಕಳಿಸಿದ್ದು, ಆಮೇಲೆ ಜೋಡಿಸಿದ್ದು. ಕೇಳಿದರೆ ತಂಡ ಒಡೆಯುತ್ತಿದೆಯೆಂದು ಗೊತ್ತಾಗಿಬಿಡುತ್ತದೆ. ಬರಲಾಗದ ಗೆಳೆಯರಿಗೆ ಇದೇ ಅಚ್ಚಿನಲ್ಲಿ ಒಂದು ಮಾಡಿ ಕಳಿಸಬಹುದು.

ಒಟ್ಟು ನಾಲ್ಕು ನಿಮಿಷ ಮೀರಬಾರದು. ಆರು ಜನಕ್ಕೆ ತಲಾ 35 ಸೆಕೆಂಡು, ಉಳಿದದ್ದು ಎಲ್ಲರೂ ಸೇರಿ ಹಾಡುವುದಕ್ಕೆ. ಪುಟದಲ್ಲಿ ಎಲ್ಲ ಬರೆದುಕೊಳ್ಳಬೇಡಿ; ಮೊದಲ ವಾಕ್ಯ, ಕೊನೇ ವಾಕ್ಯ ಸಾಕು. ಫ್ಯಾನು ಆರಿಸಿ, ಪರದೆ ಇರುವ ಕೋಣೆಯಲ್ಲಿ ಕೂತು, ಫೋನನ್ನು ಬಾಯಿಂದ ಒಂದು ಗೇಣು ದೂರ ಸ್ವಲ್ಪ ಓರೆಯಾಗಿ ಹಿಡಿಯಿರಿ. ನೇರ ಹಿಡಿದರೆ 'ಪ' 'ಬ' ಬಂದಾಗಲೆಲ್ಲ ಗಾಳಿ ಬಡಿಯುತ್ತದೆ. ವಾಟ್ಸ್ಯಾಪಿನ ಮೈಕ್ ಗುಂಡಿ ಒತ್ತಿ ಮಾತಾಡಬೇಡಿ, ಅದು ದನಿಯನ್ನು ಹಿಂಡಿ ಸಣ್ಣ ಮಾಡುತ್ತದೆ. ಫೋನಿನ ರೆಕಾರ್ಡರಿನಲ್ಲಿ ಮುದ್ರಿಸಿ, ಡಾಕ್ಯುಮೆಂಟ್ ಆಗಿ ಕಳಿಸಿ. ಸದ್ದು ಕತ್ತರಿಸಿ ಜೋಡಿಸುವ ತಂತ್ರಾಂಶ ಆಡಾಸಿಟಿಯಲ್ಲಿ ತುಣುಕುಗಳನ್ನು ಸಾಲಾಗಿಟ್ಟು, ಪ್ರತಿಯೊಂದರ ಸದ್ದನ್ನೂ ಲೌಡ್‌ನೆಸ್ ನಾರ್ಮಲೈಸೇಶನ್ನಿನಿಂದ -16 ಎಲ್‌ಯುಎಫ್‌ಎಸ್ ಮಟ್ಟಕ್ಕೆ ತನ್ನಿ. ನಗುವನ್ನು ಕತ್ತರಿಸಬೇಡಿ. ತೊದಲಿದ್ದೂ ಹಾಗೇ ಇರಲಿ. ಹಿಂದೆ ಅಸಲಿ ಹಾಡು ಹಾಕಿ ಯೂಟ್ಯೂಬಿಗೆ ಏರಿಸಿದರೆ ಹಕ್ಕುದಾರರ ತಕರಾರು ಬರುತ್ತದೆ. ಗುಂಪಿನೊಳಗೇ ಇರಲಿ, ಇಲ್ಲವೇ ಬಾಯಲ್ಲೇ ಗಿಟಾರು ನುಡಿಸಿ.

ಕೊನೇ ಹಾಡು ಒಂಬತ್ತು ಐವತ್ತಕ್ಕೆ ಮುಗಿಯುವ ಹಾಗೆ ನೋಡಿಕೊಳ್ಳಿ, ಯಾಕೆಂದರೆ ಇನ್ನೊಂದು ಎಂದು ಯಾರಾದರೂ ಕೇಳುತ್ತಾರೆ. ಪಟ್ಟಿಯ ಹೆಸರಿನಲ್ಲಿ ವರ್ಷ ಸೇರಿಸಿ ಉಳಿಸಿಡಿ, ಯಾರು ಯಾವುದಕ್ಕೆ ವೀಟೋ ಹಾಕಿದರೆಂದು ಕೆಳಗೆ ಬರೆಯಿರಿ. ಹೊರಗೆ ಹೋದ ಹಾಡಿಗೆ ಮುಂದಿನ ವರ್ಷ ವೀಟೋ ಇಲ್ಲದೆ ಪ್ರವೇಶ.